ಶನಿವಾರದ ಮಾತ್ರೆ

ತಪ್ಪು ನನ್ನದೇ. ಮೊಮ್ಮಗಳ ಕಾಯಿಲೆ ತಾನಾಗಿ ಕೆರಳಿದ್ದಲ್ಲ, ದೆಹಲಿಯ ನೀರಿನ ದೋಷವಲ್ಲ, ಯಾರ ದೃಷ್ಟಿಯೂ ತಾಗಿದ್ದಲ್ಲ. ವಾರಕ್ಕೊಂದು ಸಲ ಕೊಡಬೇಕಾದ ಮಾತ್ರೆಯನ್ನು ಒಂದು ತಿಂಗಳು ಎರಡೆರಡು ಸಲ ಕೊಟ್ಟೆ.

ಅವಳಿಗೆ ಕೀಲು ಬಾವು ಶುರುವಾದದ್ದು ಆರನೇ ವರ್ಷಕ್ಕೆ. ದೊಡ್ಡವಳಾದಂತೆ ಹೋಗಬಹುದು ಎಂದಿದ್ದರು ಮಕ್ಕಳ ಡಾಕ್ಟರು. ಹೋಗಲಿಲ್ಲ. ಇಪ್ಪತ್ನಾಲ್ಕಕ್ಕೆ ನೋಯ್ಡಾದಲ್ಲಿ ಕೆಲಸ ಸಿಕ್ಕಿತು, ಬಾವೂ ಜೊತೆಗೆ ಹೋಯಿತು. ದೆಹಲಿಯ ದ್ವಾರಕಾದ ನಮ್ಮ ಫ್ಲ್ಯಾಟಿನಲ್ಲಿ ಬೆಳಿಗ್ಗೆ ಎದ್ದರೆ ಅವಳು ಬಿಸಿನೀರಿನ ಬೋಗುಣಿಯಲ್ಲಿ ಕೈ ಇಟ್ಟು ಅರ್ಧ ಗಂಟೆ ಕೂರಬೇಕು. ಆಗಲೂ ಬೆರಳು ಪೂರ್ತಿ ಮಡಚದು. ಪಟ್ಟಿಯಿಂದ ಮಾತ್ರೆ ಒತ್ತಿ ತೆಗೆಯುವುದು ನನ್ನ ಕೆಲಸ. ಬಟ್ಟಲಲ್ಲಿ ಹಾಕಿ ಕೊಟ್ಟರೆ ಮೊಬೈಲ್ ನೋಡುತ್ತಲೇ ನುಂಗಿ ಕ್ಯಾಬಿಗೆ ಓಡುತ್ತಿದ್ದಳು. ಓಡುವುದು ಅಂದರೆ ಕುಂಟುವುದು.

ವಾರದ ಮಾತ್ರೆ ಒಂದು, ಉಳಿದ ದಿನಗಳದ್ದು ಇನ್ನೊಂದು. ಎರಡೂ ಸಣ್ಣವು, ಎರಡೂ ಹಳದಿ. ಇಂಗ್ಲಿಷ್ ನನಗೆ ಬಾರದು, ಕನ್ನಡವೇ ಮೂರನೇ ಕ್ಲಾಸಿನದು. ಅದಕ್ಕೇ ವಾರದ್ದನ್ನು ಕುಂಕುಮದ ಹಳೆಯ ಡಬ್ಬಿಯಲ್ಲಿ ಬೇರೆ ಇಟ್ಟಿದ್ದೆ. ಶನಿವಾರ ನನ್ನ ಒಪ್ಪತ್ತು. ನಾನು ತಿಂಡಿ ಬಿಟ್ಟ ದಿನ ಅವಳಿಗೆ ಆ ಮಾತ್ರೆ. ವರ್ಷಗಟ್ಟಲೆ ಒಂದು ವಾರವೂ ತಪ್ಪಿರಲಿಲ್ಲ.

ಆ ವರ್ಷ ಎದುರು ಮನೆಯಾಕೆ ಸಾವನ್ ಸೋಮವಾರ ಹಿಡಿಯೋಣ ಎಂದು ಗಂಟುಬಿದ್ದಳು. ಇಲ್ಲಿಯವರ ಶ್ರಾವಣ ನಮ್ಮದಕ್ಕಿಂತ ಹದಿನೈದು ದಿನ ಮುಂಚೆ ಬರುತ್ತದೆ. ಶ್ರಾವಣ ಎರಡಾದರೂ ಶಿವ ಒಬ್ಬನೇ ಎಂದು ಒಪ್ಪಿದೆ. ಸೋಮವಾರವೂ ತಿಂಡಿ ಬಿಟ್ಟೆ. ಕೈ ತಾನಾಗಿ ಕುಂಕುಮದ ಡಬ್ಬಿಗೆ ಹೋಯಿತು.

ನಾಲ್ಕನೇ ಸೋಮವಾರ ಕಳೆದು ಎರಡು ದಿನಕ್ಕೆ ಅವಳು ಊಟದ ಮುಂದೆ ಮುಖ ಕಿವುಚಿದಳು.

"ಅಜ್ಜಿ, ಖಾರ ಬಹಳ ಆಯ್ತು."

"ಗಂಜಿಗೆ ಖಾರ ಎಲ್ಲಿಂದ ಬರುತ್ತೇ? ಬಾಯಿ ತೆಗಿ."

ಬಾಯಿ ತುಂಬ ಹುಣ್ಣು. ಮರುದಿನ ಜ್ವರ. ಶುಕ್ರವಾರ ಮಗ ಸೊಸೆ ಆಫೀಸಿಗೆ ಹೋದ ಮೇಲೆ ಜ್ವರ ಏರಿತು. ಆಟೋದಲ್ಲಿ ನಾನೇ ಆಸ್ಪತ್ರೆಗೆ ಕರೆದುಕೊಂಡು ಹೋದೆ.

ಹಳೆಯ ಚೀಟಿ ನೋಡಿ, ಕೀಲು ಬಾವಿನ ಮಾತ್ರೆ ವಾರಕ್ಕೆ ಎಷ್ಟು ಸಲ ಎಂದು ಡಾಕ್ಟರಮ್ಮ ಹಿಂದಿಯಲ್ಲಿ ಕೇಳಿದರು.

"ಏಕ್ ಬಾರ್. ದಾದಿ ದೇತೀ ಹೈ, ಪಕ್ಕಾ," ಎಂದಳು ಇವಳು. ಒಂದೇ ಸಲ, ಅಜ್ಜಿ ಕೊಡುತ್ತಾಳೆ, ಖಂಡಿತ ಎಂದು.

ಆ 'ಪಕ್ಕಾ' ಕೇಳಿ ನನಗೆ ಸೋಮವಾರಗಳು ನೆನಪಾದವು. ಸುಮ್ಮನಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಆದರೆ ನಾಳೆ ಶನಿವಾರ, ಮತ್ತೊಂದು ನುಂಗುತ್ತಿದ್ದಳು.

"ದೋ ಬಾರ್," ಅಂದೆ. "ಮೈನೇ ದಿಯಾ." ಎರಡು ಸಲ, ಕೊಟ್ಟವಳು ನಾನೇ.

ಡಾಕ್ಟರಮ್ಮನ ಪೆನ್ನು ನಿಂತಿತು. ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. ಇದು ಹೆಚ್ಚಾದರೆ ರಕ್ತವನ್ನೇ ಇಳಿಸುವ ಮಾತ್ರೆ, ಮಾಂಜೀ, ಎಂದಷ್ಟೇ ಹೇಳಿ ರಕ್ತ ಪರೀಕ್ಷೆಗೆ ಕಳಿಸಿದರು. ಆ ಮಾತ್ರೆಯ ವಿಷ ಇಳಿಸಲು ಒಂದು ಇಂಜೆಕ್ಷನ್ನೂ ಆಯಿತು. ವರದಿ ಸಂಜೆಗೆ.

ಬೆಂಚಿನ ಮೇಲೆ ಕೂತು ಅವಳೇ ಬಾಯಿ ತೆರೆದಳು. "ಉಪವಾಸ ನಿಂದು, ಪುಣ್ಯ ನಿಂದು, ಹುಣ್ಣು ಮಾತ್ರ ನಂದಾ ಅಜ್ಜಿ?"

"ನಗಬೇಡ, ತುಟಿ ಒಡೆಯುತ್ತೆ," ಅಂದೆ. ಹೆಸರು ಕೂಗಿದಾಗಲೆಲ್ಲ, ಅದು ಬೇರೆಯವರದಾದರೂ, ಎದ್ದು ನಿಲ್ಲುತ್ತಿದ್ದೆ.

ಬಿಳಿ ರಕ್ತಕಣ ಇಳಿದಿದ್ದವು. ಆಸ್ಪತ್ರೆಯಲ್ಲೇ ಇಟ್ಟುಕೊಳ್ಳುವಷ್ಟಲ್ಲ ಎಂದರು. ಮಾತ್ರೆ ನಿಲ್ಲಿಸಿ, ಮೂರು ದಿನಕ್ಕೆ ಮತ್ತೆ ಪರೀಕ್ಷೆ, ಜ್ವರ ಏರಿದರೆ ಆ ಗಳಿಗೆಯೇ ಬನ್ನಿ ಎಂದರು. ಅಲ್ಲಿಯವರೆಗೆ ಏನಾಗುತ್ತದೆ ಎಂದು ಯಾರೂ ಹೇಳಲಿಲ್ಲ.

ಮರುದಿನ ಬೆಳಿಗ್ಗೆ ಅವಳ ಹಣೆ ಮುಟ್ಟಿದೆ. ಬಿಸಿ ಇತ್ತು, ಏರಿರಲಿಲ್ಲ. ಕುಂಕುಮದ ಡಬ್ಬಿ ತಂದು ಅವಳ ದಿಂಬಿನ ಪಕ್ಕ ಇಟ್ಟೆ. "ಡಾಕ್ಟರು ಮತ್ತೆ ಶುರು ಮಾಡು ಅಂದ ಮೇಲೆ, ಯಾವ ದಿನ ಅಂತ ನೀನು ಹೇಳು. ಬಿಡಿಸಿ ಕೊಡೋದಷ್ಟೇ ನಾನು." ಆಮೇಲೆ ಅಡುಗೆಮನೆಗೆ ಹೋಗಿ, ಶನಿವಾರ ಎಂದು ಗೊತ್ತಿದ್ದೂ, ಒಂದು ತಟ್ಟೆ ಉಪ್ಪಿಟ್ಟು ತಿಂದೆ.