ಎರಡನೆಯ ಗುಂಡು

ಕೊಡವನಾಗಿ ಹುಟ್ಟಿಯೂ ಕೋವಿಗೆ ಹೆದರುವವನು ನಾನೊಬ್ಬನೇ ಇರಬೇಕು. ನಮ್ಮಲ್ಲಿ ಗಂಡುಮಗು ಹುಟ್ಟಿದರೆ ಆಕಾಶಕ್ಕೆ ಒಂದು ಗುಂಡು ಹಾರಿಸುತ್ತಾರೆ. ಯಾರಾದರೂ ಸತ್ತರೆ ಒಂದರ ಹಿಂದೊಂದು, ಎರಡು. ಆರು ವರ್ಷದವನಿದ್ದಾಗ ಅಜ್ಜ ತೀರಿಕೊಂಡ ಬೆಳಿಗ್ಗೆ ಅಂಗಳದಲ್ಲಿ ಹಾರಿದ ಆ ಎರಡು ಗುಂಡಿಗೆ ನಾನು ಚಡ್ಡಿ ಒದ್ದೆ ಮಾಡಿಕೊಂಡಿದ್ದೆ. ಅಂದಿನಿಂದ ಎಲ್ಲಿ ಒಂದು ಗುಂಡಿನ ಸದ್ದು ಕೇಳಿದರೂ ಉಸಿರು ಬಿಗಿಹಿಡಿದು ಎರಡನೆಯದಕ್ಕೆ ಕಾಯುತ್ತೇನೆ.

ಇದನ್ನೆಲ್ಲ ಬಚ್ಚಿಟ್ಟು ಮಸ್ಕತ್ತಿನ ಆಫೀಸಿನಲ್ಲಿ ಕೊಚ್ಚಿಕೊಂಡದ್ದು ನನ್ನದೇ ತಪ್ಪು. ಎರಡು ಸಾವಿರದ ಐದೋ ಆರೋ ಇಸವಿ. ಅಲ್ಲಿನ ರೂವಿ ಬಡಾವಣೆಯ ಒಂದು ಕಂಪನಿಯಲ್ಲಿ ನಾನು ಪತ್ರವ್ಯವಹಾರ ನೋಡಿಕೊಳ್ಳುತ್ತಿದ್ದೆ. ಕೈಲ್ ಮುಹೂರ್ತ ಎಂಬ ನಮ್ಮ ಆಯುಧ ಹಬ್ಬದ ಕೋವಿ ಪೂಜೆಯ ಫೋಟೋ ತೋರಿಸಿ, ನಮ್ಮಲ್ಲಿ ಮನೆಮನೆಗೂ ಕೋವಿ, ಲೈಸೆನ್ಸೂ ಬೇಡ ಎಂದು ಎದೆಯುಬ್ಬಿಸಿ ಹೇಳಿದ್ದೆ. ಅದು ಮಾಲೀಕರ ಕಿವಿಗೆ ಬಿತ್ತು. ಅವರೇ ನನ್ನ ಕಫೀಲ್, ಅಂದರೆ ನನ್ನ ವೀಸಾಕ್ಕೆ ಹೊಣೆಯಾದವರು. ನಾವೆಲ್ಲ ಅವರನ್ನು ಅರ್ಬಾಬ್, ಅಂದರೆ ಯಜಮಾನರು ಎನ್ನುತ್ತಿದ್ದೆವು. ಅರವತ್ತು ದಾಟಿದ್ದರೂ ಬೇಟೆಯ ಹುಚ್ಚು ಇಳಿದಿರಲಿಲ್ಲ. ವರ್ಷಕ್ಕೊಮ್ಮೆ ಪರದೇಶದ ಹಿಮಬೆಟ್ಟಗಳಿಗೆ ಹೋಗಿ ಕಾಡುಮೇಕೆ ಹೊಡೆದು ಬರುತ್ತಿದ್ದರು.

ಒಂದು ದಿನ ನನ್ನನ್ನು ಕರೆದು ಫಾರಂ ಒಂದನ್ನು ಮುಂದಿಟ್ಟರು. "ಬಲು ದೂರಕ್ಕೆ ಹೊಡೆಯುವ ರೈಫಲ್ ಮಾಡಿಸುತ್ತಿದ್ದೇನೆ. ಕ್ಯಾಲಿಬರ್ ಯಾವುದಿರಬೇಕು, ನೀನು ಹೇಳು. ನಿಮ್ಮ ಕುಲವೇ ಕೋವಿಯದಲ್ಲವಾ?" ಎಂದರು, ಮುಂಬೈ ವ್ಯಾಪಾರದಲ್ಲಿ ಕಲಿತ ಹಿಂದಿಯಲ್ಲಿ.

ಕ್ಯಾಲಿಬರ್ ಎಂದರೆ ನಳಿಗೆಯ ಅಳತೆ, ಅದರೊಳಗೆ ಹೋಗುವ ಗುಂಡಿನ ಗಾತ್ರ ಎಂದು ನನಗೆ ಗೊತ್ತಾದದ್ದೇ ಆ ಸಂಜೆ, ಇಂಟರ್ನೆಟ್ಟಿನಲ್ಲಿ. ಅವರ ಮನಸ್ಸು ಎರಡರ ನಡುವೆ ತೂಗುತ್ತಿತ್ತು. ಒಂದು, ಸೆವೆನ್ ಎಂಎಂ. ಇನ್ನೊಂದು, ಅದಕ್ಕಿಂತ ದಪ್ಪನೆಯ ತ್ರೀ ತರ್ಟಿ ಎಯ್ಟ್. ದಪ್ಪ ಗುಂಡು ದೂರದಲ್ಲೂ ಗಾಳಿಗೆ ಅಷ್ಟು ಸರಿಯುವುದಿಲ್ಲವಂತೆ. ಆದರೆ ಹೊಡೆದವನ ಭುಜಕ್ಕೆ ಕತ್ತೆಯಂತೆ ಒದೆಯುತ್ತದಂತೆ. ಅರ್ಬಾಬ್ ಅದರ ಪಕ್ಕದಲ್ಲೇ ಪೆನ್ಸಿಲ್ಲಿನಲ್ಲಿ ಗುರುತು ಹಾಕಿದ್ದರು.

ದಾರ್ಸೈಟ್‌ನ ನಮ್ಮ ಫ್ಲಾಟಿನಲ್ಲಿ ಊಟದ ಮೇಜಿನ ಮೇಲೆ ಫಾರಂ ತುಂಬುತ್ತಾ ಹೋದೆ. ಹೊಡೆಯುವುದು ಎಡಗಡೆಯಿಂದಲೋ ಬಲಗಡೆಯಿಂದಲೋ ಎಂಬ ಪ್ರಶ್ನೆ ಬಂತು. ಎಡ ಎಂದು ಬರೆದೆ. ಬರೆದವನು ಪೆನ್ನು ಕೆಳಗಿಟ್ಟೆ.

ಎಂಟು ತಿಂಗಳ ಹಿಂದೆ ಅರ್ಬಾಬ್‌ಗೆ ಭಾರತದ ಒಂದು ಆಸ್ಪತ್ರೆಯಲ್ಲಿ ಪೇಸ್‌ಮೇಕರ್ ಹಾಕಿಸಿದ್ದರು. ಜೊತೆಗೆ ಹೋದವನು ನಾನೊಬ್ಬನೇ. ಬರೆಯುವ ಕೈ ಯಾವುದು ಎಂದು ಡಾಕ್ಟರು ಕೇಳಿದಾಗ, ಬಲ ಎಂದು ಉತ್ತರ ಕೊಟ್ಟವನೂ ನಾನೇ. ಹಾಗಾಗಿ ಆ ಯಂತ್ರ ಎಡ ಹೆಗಲಿನ ಕೆಳಗೆ, ಚರ್ಮದಡಿ ಕೂತಿತು. ಪೆಟ್ಟು ಬೀಳದಂತೆ ನೋಡಿಕೊಳ್ಳಿ ಎಂದು ಡಾಕ್ಟರು ಹೇಳಿದ್ದನ್ನು ಅರ್ಬಾಬ್ ಕಿವಿಗೇ ಹಾಕಿಕೊಂಡಿರಲಿಲ್ಲ. ಅವರು ಬರೆಯುವುದು ಬಲಗೈಯಲ್ಲಿ, ಕೋವಿ ಹಿಡಿಯುವುದು ಮಾತ್ರ ಎಡಗಡೆ ಎಂದು ಅವರ ಬೇಟೆಯ ಫೋಟೋಗಳನ್ನು ನೋಡಿ ನನಗೆ ಗೊತ್ತಿತ್ತು. ಆದರೆ ಆಗ ಅದು ಹೊಳೆಯಲಿಲ್ಲ. ಇನ್ನು ಆ ಕತ್ತೆಯ ಒದೆ ಸರಿಯಾಗಿ ಅಲ್ಲಿಗೇ ಬೀಳುವುದಿತ್ತು.

ಹೇಳಿಬಿಡಬಹುದಿತ್ತಲ್ಲ ಎನ್ನಬಹುದು. ಆಸ್ಪತ್ರೆಯ ಮೆಟ್ಟಿಲಿಳಿಯುವಾಗಲೇ ಅರ್ಬಾಬ್ ನನ್ನ ಕೈ ಒತ್ತಿ, "ಈ ವಿಷಯ ಇಲ್ಲಿಗೆ ಖಲಾಸ್. ನನ್ನ ಮಕ್ಕಳಿಗೂ ಗೊತ್ತಾಗಬಾರದು, ನೀನೂ ಇನ್ನೆಂದೂ ಎತ್ತಬಾರದು" ಎಂದಿದ್ದರು. ಎತ್ತಿದರೆ ಏನಾಗುತ್ತದೆಂದು ಹೇಳಿರಲಿಲ್ಲ. ಆದ್ದರಿಂದಲೇ ಭಯ ಹೆಚ್ಚು. ನನ್ನ ಮಗಳು ಅಲ್ಲಿನ ಇಂಡಿಯನ್ ಸ್ಕೂಲಿನಲ್ಲಿ ಹತ್ತನೆಯ ತರಗತಿಯಲ್ಲಿದ್ದಳು.

ಹೆಂಡತಿ ಪಾತ್ರೆ ಒರೆಸುತ್ತಾ ಎಲ್ಲ ಕೇಳಿದಳು. "ಹೇಳಿದ್ರೆ ಕೆಲಸ ಹೋಗುತ್ತೆ, ಹೇಳದಿದ್ರೆ ಮನುಷ್ಯ ಹೋಗ್ತಾನೆ. ಯಾವುದು ದೊಡ್ಡದು ನೀವೇ ನೋಡಿ" ಎಂದಳು.

ನಾನು ನಡುವಿನ ದಾರಿ ಹಿಡಿದೆ. ಹೇಡಿಗಳ ದಾರಿಯೇ ಅದು. ಮಾರನೆಯ ದಿನ, "ಸೆವೆನ್ ಎಂಎಂ ಸಾಕು ಅರ್ಬಾಬ್. ಬೆಟ್ಟ ಹತ್ತುವಾಗ ಹಗುರ" ಎಂದೆ. ಅವರು ನನ್ನನ್ನೇ ದಿಟ್ಟಿಸಿ, "ಶುಕ್ರವಾರ ಬಾ. ಸ್ನೇಹಿತರೊಬ್ಬರ ದಪ್ಪ ರೈಫಲ್ ಇದೆ. ಹೊಡೆದು ನೋಡಿ ತೀರ್ಮಾನಿಸೋಣ" ಎಂದರು.

ಶುಕ್ರವಾರ ಸೀಬ್ ದಾಟಿ ಶೂಟಿಂಗ್ ರೇಂಜಿಗೆ ಹೊರಟೆವು. ಅರ್ಬಾಬ್ ಮುಂದಿನ ಕಾರಿನಲ್ಲಿ, ನಾನು ಹಿಂದೆ ಕಂಪನಿಯ ಪಿಕಪ್ಪಿನಲ್ಲಿ. ಅದನ್ನು ಓಡಿಸುತ್ತಿದ್ದವನು ಉಳ್ಳಾಲದ ಕಡೆಯ ಬ್ಯಾರಿ.

"ಮೊದ್ಲು ನಿಮ್ಮ ಕೈಯಲ್ಲೇ ಹೊಡೆಸ್ತಾರಂತೆ ಮಾರಾಯ್ರೆ," ಎಂದ.

"ನನ್ನ ಕೈಯಲ್ಲಾ?"

"ಎಂಥ ಹೆದ್ರಿಕೆ ನಿಮ್ಗೆ? ನಿಮ್ಮೂರಲ್ಲಿ ಸಣ್ಣ ಮಕ್ಳು ಸಹ ಹೊಡೀತಾರೆ ಅಂತ ನೀವೇ ಹೇಳಿದ್ದಲ್ವಾ!"

ನಾನು ಸೀಟ್ ಬೆಲ್ಟ್ ಬಿಗಿ ಮಾಡಿಕೊಂಡೆ.

ರೇಂಜಿನಲ್ಲಿ ಅರ್ಬಾಬ್‌ರ ಸ್ನೇಹಿತರು ಕೊಟ್ಟ ಆ ದಪ್ಪ ರೈಫಲ್ ಹಿಡಿದೆ. ಕಣ್ಣನ್ನು ಅದರ ಮೇಲಿನ ದುರ್ಬೀನಿಗೆ ಎಷ್ಟು ಹತ್ತಿರ ಇಡಬಾರದೋ ಅಷ್ಟು ಹತ್ತಿರ ಇಟ್ಟೆ. ಕುದುರೆ ಎಳೆದೆ. ಭುಜದ ಮೂಳೆ ಮುರಿಯಿತೆಂದುಕೊಂಡೆ. ದುರ್ಬೀನಿನ ಅಂಚು ಹುಬ್ಬಿಗೆ ಬಡಿದು, ಬೆಚ್ಚಗೆ ರಕ್ತ ಕಣ್ಣಿಗಿಳಿಯಿತು.

ಅರ್ಬಾಬ್ ಗಹಗಹಿಸಿ ನಕ್ಕರು. "ನೀನು ಜೀವಮಾನದಲ್ಲೇ ಕೋವಿ ಮುಟ್ಟಿಲ್ಲ!" ಎಂದು ಕರವಸ್ತ್ರ ಕೊಟ್ಟು, ನನ್ನ ಕೈಯಿಂದ ರೈಫಲ್ ತೆಗೆದುಕೊಂಡರು. ಇನ್ನೊಂದು ಗುಂಡು ತುಂಬಿ, ಎಡ ಭುಜಕ್ಕೆ ಒತ್ತಿಹಿಡಿದರು.

ಮೊದಲನೆಯ ಗುಂಡು ನನ್ನದಾಗಿತ್ತು. ಈಗ ಎರಡನೆಯದು. ನನಗೆ ಅಜ್ಜನ ಅಂಗಳವೇ ಕಂಡಿತು. ನನ್ನ ಬಾಯಿಂದ ನನಗರಿವಿಲ್ಲದೆ ಕೂಗು ಹೊರಟಿತು: "ಬೇಡ ಅರ್ಬಾಬ್! ಅಲ್ಲಿ ನಿಮ್ಮ ಪೇಸ್‌ಮೇಕರ್ ಇದೆ!"

ಡ್ರೈವರ್ ತಿರುಗಿ ನೋಡಿದ. ರೈಫಲ್ ಕೊಟ್ಟ ಸ್ನೇಹಿತರೂ ನೋಡಿದರು. ಅರ್ಬಾಬ್ ಕೋವಿ ಇಳಿಸಿ, ಗುಂಡು ತೆಗೆದು ಮೇಜಿನ ಮೇಲಿಟ್ಟು, ಯಾರ ಮುಖವನ್ನೂ ನೋಡದೆ ಕಾರಿಗೆ ಹೋದರು. ನನ್ನ ಕಥೆ ಮುಗಿಯಿತು ಎಂದುಕೊಂಡೆ. ವಾಪಸ್ ಬರುವಾಗ ಡ್ರೈವರ್ ದಾರಿಯ ಕ್ಲಿನಿಕ್ಕಿನಲ್ಲಿ ನಿಲ್ಲಿಸಿ ನನ್ನ ಹುಬ್ಬಿಗೆ ಹೊಲಿಗೆ ಹಾಕಿಸಿದ.

ಮರುದಿನ ಬೆಳಿಗ್ಗೆ ಅರ್ಬಾಬ್‌ರಿಂದ ಕರೆ ಬಂತು. ಅವರ ಮೇಜಿನ ಮೇಲೆ ನನ್ನ ಪಾಸ್‌ಪೋರ್ಟ್ ಇತ್ತು. ಕಂಪನಿಯ ಬೀರುವಿನಲ್ಲಿರುವ ಪಾಸ್‌ಪೋರ್ಟ್ ಹೊರಗೆ ಬಂತೆಂದರೆ ಗಂಟುಮೂಟೆ ಕಟ್ಟಿದ ಹಾಗೆಯೇ. ಅವರು ಕೂರಲು ಹೇಳುವ ಮೊದಲೇ ಕುರ್ಚಿಯಲ್ಲಿ ಕೂತೆ.

"ಇಷ್ಟು ದಿನ ಯಾಕೆ ಸುಮ್ಮನಿದ್ದೆ?"

"ಹೆದರಿಕೆ, ಅರ್ಬಾಬ್."

"ಕೋವಿಗೋ, ನನಗೋ?"

"ಇಬ್ಬರಿಗೂ."

ಅವರು ಫಾರಂ ನನ್ನತ್ತ ತಳ್ಳಿದರು. ದಪ್ಪ ಗುಂಡಿನ ಗುರುತು ಅಳಿಸಿತ್ತು, ಸೆವೆನ್ ಎಂಎಂ ಎಂದು ಇಂಕಿನಲ್ಲಿ ಬರೆದಿತ್ತು. ಎಡ ಎಂದು ನಾನು ಬರೆದಿದ್ದನ್ನು ಹೊಡೆದುಹಾಕಿ ಬಲ ಎಂದು ತಿದ್ದಿದ್ದರು.

"ಹದಿನೈದು ದಿನ ರಜೆ. ನಿಮ್ಮ ಕೋವಿ ಪೂಜೆಗೆ ಹೋಗು. ಬಲಗಡೆಯಿಂದ ಹಿಡಿಯೋದು ಹೇಗಂತ ಕಲಿತು ಬಾ. ಈ ವಯಸ್ಸಿನಲ್ಲಿ ನಾನೂ ಅದನ್ನೇ ಕಲಿಯಬೇಕಾಗಿದೆ."

ಹೊರಗೆ ಬಂದು ಬಾತ್‌ರೂಮಿನ ಬಾಗಿಲು ಹಾಕಿಕೊಂಡು ಅತ್ತೆ.

ಆ ವರ್ಷದ ಕೈಲ್ ಮುಹೂರ್ತದಲ್ಲಿ, ಹುಬ್ಬಿನ ಹೊಲಿಗೆ ಇನ್ನೂ ಕೆಂಪಗಿರುವಾಗಲೇ, ಚಿಕ್ಕಪ್ಪನ ಕೋವಿ ಬಲ ಭುಜಕ್ಕಿಟ್ಟು ಮರದ ತುದಿಗೆ ಕಟ್ಟಿದ ತೆಂಗಿನಕಾಯಿಗೆ ಗುರಿ ಹಿಡಿದೆ. ತಪ್ಪಿತು. ಎಲ್ಲರೂ ನಕ್ಕರು. "ಇನ್ನೊಂದು ಹೊಡಿ, ಇನ್ನೊಂದು ಹೊಡಿ" ಎಂದು ಕೂಗಿದರು.

ನಾನು ಹೊಡೆಯಲಿಲ್ಲ. ಕೋವಿಯನ್ನು ಚಿಕ್ಕಪ್ಪನಿಗೆ ಕೊಟ್ಟು, ಮಸ್ಕತ್ತಿಗೆ ಫೋನ್ ಮಾಡಿ ಅರ್ಬಾಬ್ ಹೇಗಿದ್ದಾರೆಂದು ವಿಚಾರಿಸಿದೆ.