ಬ್ಯಾಟರಿ ಸೀಸ ಕರಗಿಸುವ ಮನೆ

ಕುಮಟಾದ ಸರ್ಕಾರಿ ಆಸ್ಪತ್ರೆಯಲ್ಲಿ ನಾನು ಸ್ತ್ರೀರೋಗ ತಜ್ಞೆಯಾಗಿದ್ದೆ. ನಿವೃತ್ತಿಗೆ ಇನ್ನು ಮೂರು ವರ್ಷವಿತ್ತು. ಹೊಳನಗದ್ದೆ ಕಡೆಯಿಂದ ಸವಿತಾ ಎಂಬವಳು ಬಂದಳು. ಎರಡು ಸಲ ಗರ್ಭಪಾತವಾಗಿತ್ತು, ಈಗ ಮತ್ತೆ ಬಸುರಿ. ಮುಖ ಬಿಳಿಚಿತ್ತು, ಹೊಟ್ಟೆ ಹಿಂಡುವ ನೋವು. ಕಬ್ಬಿಣಾಂಶದ ಮಾತ್ರೆ ನುಂಗಿ ನುಂಗಿ ಸಾಕಾಗಿದ್ದರೂ ಹಿಮೋಗ್ಲೋಬಿನ್ ಏರಿರಲಿಲ್ಲ. ಜೊತೆಗೆ ಬಂದ ಅತ್ತೆ ಆಗಲೇ ತೀರ್ಪು ಕೊಟ್ಟಾಗಿತ್ತು. "ಇವಳ ಹೊಟ್ಟೆಲಿ ನಿಲ್ಲೂದೇ ಇಲ್ರಾ ಡಾಕ್ಟ್ರೆ. ಈ ಸಲನೂ ಹೋದ್ರೆ ತವರಿಗೆ ಕಳ್ಸೂದೇ." ಸೊಸೆಯ ಎದುರಿಗೇ ಹೇಳಿದಳು, ಮಹಾತಾಯಿ!

ಅವಳನ್ನು ಹೊರಗೆ ಕೂರಿಸಿ ಸವಿತಾಳನ್ನು ವಿಚಾರಿಸಿದೆ. ಗಂಡ ಮಂಜುನಾಥ ಮೀನು ಹಿಡಿಯುವ ಬೀಸುಬಲೆಯ ಅಂಚಿಗೆ ಕಟ್ಟುವ ಸೀಸದ ಗುಂಡುಗಳನ್ನು ಮನೆಯಲ್ಲೇ ಎರಕ ಹೊಯ್ದು ಮಾರುತ್ತಿದ್ದ. ಸೀಸ ಬರುತ್ತಿದ್ದದ್ದು ಗುಜರಿಯ ಹಳೇ ಬ್ಯಾಟರಿಗಳಿಂದ. ಶುದ್ಧ ಸೀಸ ಮೆತ್ತಗೆ, ಕಲ್ಲಿಗೆ ತಾಗಿದರೆ ಚಪ್ಪಟೆಯಾಗುತ್ತದೆ. ಬ್ಯಾಟರಿಯ ಸೀಸದಲ್ಲಿ ಆಂಟಿಮನಿ ಎಂಬ ಲೋಹ ಬೆರೆತಿರುವುದರಿಂದ ಗಟ್ಟಿ, ಗಿರಾಕಿಗಳಿಗೆ ಅದೇ ಬೇಕು. ಆದರೆ ಬ್ಯಾಟರಿ ಒಡೆದಾಗ ಉದುರುವ ಪುಡಿಯೂ ಸೀಸದ್ದೇ. ಅದು ಉಸಿರಿನಲ್ಲೂ ಅನ್ನದಲ್ಲೂ ಸೇರಿ ರಕ್ತ ಕೆಡಿಸುತ್ತದೆ, ಬಸಿರು ನಿಲ್ಲಗೊಡುವುದಿಲ್ಲ. ಇವರು ಕರಗಿಸುತ್ತಿದ್ದದ್ದು ಅಡುಗೆಮನೆಯಲ್ಲಿ. ಆ ಪುಡಿ, ಬೂದಿ ಎಲ್ಲ ಗುಡಿಸುವ ಕೆಲಸ ಸವಿತಾಳದ್ದು.

ಗಂಡ ಹೆಂಡತಿ ಇಬ್ಬರ ರಕ್ತವನ್ನೂ ಹೊರಗಿನ ಲ್ಯಾಬಿಗೆ ಕಳಿಸಿದೆ. ವರದಿ ಬರುವಷ್ಟರಲ್ಲಿ ಮಗು ಹೋಗಿತ್ತು. ಇಬ್ಬರಲ್ಲೂ ಸೀಸ ವಿಪರೀತ, ಗಂಡನಲ್ಲೇ ಹೆಚ್ಚು. ಮಂಜುನಾಥನನ್ನೂ ಸವಿತಾಳನ್ನೂ ಎದುರಿಗೆ ಕೂರಿಸಿಕೊಂಡೆ.

"ನಿನ್ನ ಹೆಂಡತಿಯದು ಎಂತ ದೋಷವೂ ಇಲ್ಲ ಮಾರಾಯ. ಆ ಸೀಸ ಬಿಡು, ಇಬ್ಬರಿಗೂ ಚಿಕಿತ್ಸೆ ಮಾಡಿಸ್ತೇನೆ" ಎಂದೆ.

"ನಮ್ಮಪ್ಪನೂ ಇದೇ ಕೆಲಸ ಮಾಡದ್ದು. ನಾವೆಲ್ಲ ಹುಟ್ಲಿಲ್ವಾ?"

"ಅಪ್ಪನೂ ಬ್ಯಾಟರಿ ಒಡೀತಿದ್ನಾ?"

"ಇಲ್ಲ, ಹಳೇ ಸೀಸದ ಪೈಪು ಸಿಗ್ತಿತ್ತು. ಈಗ ಅದೆಲ್ಲಿ ಸಿಕ್ತದ್ರಾ?"

ಸವಿತಾ ಮೆಲ್ಲಗೆ ಬಾಯಿಬಿಟ್ಟಳು. "ನಾ ಕೂಲಿಗೆ ಹೋಗ್ತೆ. ಆ ಕೆಲ್ಸ ಒಂದು ಬಿಟ್ಬಿಡಿ."

ಅವನು ಅವಳತ್ತ ತಿರುಗಲೂ ಇಲ್ಲ. "ಇವಳನ್ನ ತವರಿಗೆ ಬಿಟ್ರೆ ಆತಲ್ಲ ಡಾಕ್ಟ್ರೆ" ಎಂದ, ಕೆಟ್ಟ ಪಂಪ್‌ಸೆಟ್ ಬದಲಾಯಿಸುವವನ ಹಾಗೆ. ನನಗೆ ಮೈಯೆಲ್ಲ ಉರಿದುಹೋಯಿತು. ಬೈದೆ, ಬೇಡಿಕೊಂಡೆ, ಆರೋಗ್ಯ ಕಾರ್ಯಕರ್ತೆಯನ್ನು ಮನೆಗೆ ಕಳಿಸಿದೆ. ಅವಳನ್ನು ಅಂಗಳದಿಂದಲೇ ಹಿಂದೆ ಕಳಿಸಿದರು. ಸವಿತಾಳನ್ನು ಕಾಯ್ಕಿಣಿಯ ತವರಿಗೆ ಬಿಟ್ಟುಬಂದರು. ಊರಿನ ನಾಲ್ಕು ಜನ ಕೂತು ಸಂಬಂಧ ಹರಿದರು. ಸೀಸದ ಗಾಳಿ ತಪ್ಪಿದ ಮೇಲೆ ಅವಳ ರಕ್ತ ತಾನಾಗಿ ಸುಧಾರಿಸಿತು. ಆ ಸುದ್ದಿ ಯಾರಿಗೂ ಬೇಕಿರಲಿಲ್ಲ.

ನಾನು ನಿವೃತ್ತಳಾಗುವ ವರ್ಷ ಅದೇ ಅತ್ತೆ ಮತ್ತೊಬ್ಬ ಹುಡುಗಿಯನ್ನು ಕರೆತಂದಳು. ಹೊಸ ಸೊಸೆ. ಅದೇ ಬಿಳಿಚಿದ ಮುಖ, ಅದೇ ಹೊಟ್ಟೆನೋವು. ಒಂದು ಗರ್ಭ ಆಗಲೇ ಹೋಗಿತ್ತು.

"ನಮ್ಮ ಹಣೆಬರ ನೋಡಿ ಡಾಕ್ಟ್ರೆ, ಇವಳಿಗೂ ನಿಲ್ಲೂದಿಲ್ಲ."

"ಈ ಸಲ ನಿಮ್ಮ ಮಗನನ್ನು ತವರಿಗೆ ಕಳಿಸಿ" ಎಂದೆ.

ಅತ್ತೆ ದಡಕ್ಕನೆ ಎದ್ದು ಹುಡುಗಿಯ ರಟ್ಟೆ ಹಿಡಿದು ನಡೆದಳು. ಹೊನ್ನಾವರದಲ್ಲಿ ಬೇರೆ ಡಾಕ್ಟರಿಗೆ ತೋರಿಸಿದರಂತೆ. ರೋಗ ಎಲ್ಲಿದೆ ಎಂದು ಹೇಳಿದರೆ ನನ್ನ ಕೆಲಸ ಮುಗಿಯಿತು ಎಂದು ಸರ್ವಿಸ್ ಪೂರ್ತಿ ನಂಬಿದ್ದೆ. ತಪ್ಪು ಯಾರದೆಂದು ಮೊದಲೇ ತೀರ್ಮಾನಿಸಿದ ಮನೆಗೆ ಡಾಕ್ಟರು ಬೇಕಾಗಿರುವುದಿಲ್ಲ, ಇನ್ನೊಬ್ಬಳು ಸೊಸೆ ಬೇಕಾಗಿರುತ್ತಾಳೆ.