ಸ್ಕೋಪ್ ಲೂಸ್ ಇರಲಿಲ್ಲ

ಆ ಚಳಿಗಾಲದಲ್ಲಿ ಕೊಲ್ಲಿ ದೇಶದ ನಮ್ಮ ಕಂಪನಿಯ ಮಾಲೀಕರು ಹೊಸ ಬೇಟೆ ರೈಫಲ್ ಕೊಂಡರು. ಗೆಳೆಯರೊಂದಿಗೆ ಹೊರದೇಶಕ್ಕೆ ಬೇಟೆಗೆ ಹೋಗುವವರಿದ್ದರು. ಶರ್ಕ್ ಬಡಾವಣೆಯ ಆಫೀಸಿನಲ್ಲಿ ಅವರ ಕಾಗದಪತ್ರ ನೋಡಿಕೊಳ್ಳುತ್ತಿದ್ದವನು ನಾನು. ನನ್ನ ವೀಸಾಕ್ಕೆ ಜವಾಬ್ದಾರರಾದ ಕಫೀಲರೂ ಅವರೇ. ಕಾಲೇಜಿನ ಎನ್‌ಸಿಸಿಯಲ್ಲಿ ಗುರಿ ಹೊಡೆದು ಬಹುಮಾನ ಗೆದ್ದದ್ದನ್ನು ಯಾವಾಗಲೋ ಅವರೆದುರು ಕೊಚ್ಚಿಕೊಂಡಿದ್ದೆ. ಅದನ್ನು ನೆನಪಿಟ್ಟುಕೊಂಡು, ರೈಫಲ್‌ನ ಗುರಿ ಹೊಂದಿಸುವ ದಿನ ನನ್ನನ್ನೂ ಶೂಟಿಂಗ್ ರೇಂಜಿಗೆ ಕರೆದರು.

ರೈಫಲ್ ಮೇಲೆ ಸ್ಕೋಪ್, ಅಂದರೆ ಗುರಿ ನೋಡುವ ದುರ್ಬೀನು, ಕೂರಿಸಿದ್ದ ಫಿಟ್ಟರನ್ನು ಬಂದೂಕಿನ ಅಂಗಡಿಯವರು ಕಳಿಸಿಕೊಟ್ಟಿದ್ದರು. ಅವರನ್ನು ನನ್ನ ಕಾರಿನಲ್ಲಿ ಕರೆದೊಯ್ದೆ. ನನಗಿಂತ ಹತ್ತು ವರ್ಷ ದೊಡ್ಡವರು, ಬಂಟ್ವಾಳದ ಕಡೆಯ ಬ್ಯಾರಿ. ತುಳುವಿನಲ್ಲಿ ಶುರುವಾದ ನಮ್ಮ ಮಾತು ಕನ್ನಡಕ್ಕೆ ಹೊರಳಿತು. ಹೆಂಡತಿ, ಮಗಳನ್ನು ಕರೆಸಿಕೊಳ್ಳುವ ವೀಸಾದ ಕಾಗದ ಮಾಲೀಕರ ಮೇಜಿನ ಮೇಲೆ ಸಹಿಗೆ ಕಾಯುತ್ತಿದೆ ಎಂದು ಅವರಿಗೆ ಹೇಳಿದೆ.

"ಆಗ್ತದೆ ಸಾರ್, ಟೆನ್ಶನ್ ಮಾಡ್ಬೇಡಿ. ಮಕ್ಕಳು ಹತ್ತಿರ ಇದ್ರೆ ಊಟ ಸೇರ್ತದೆ" ಎಂದರು. ಅವರ ಮಕ್ಕಳು ಊರಲ್ಲಿದ್ದರು.

ರೇಂಜಿನಲ್ಲಿ ಮಾಲೀಕರ ಇಬ್ಬರು ಗೆಳೆಯರು ಕುರ್ಚಿ ಹಾಕಿಕೊಂಡು ಗಹ್ವಾ ಕುಡಿಯುತ್ತಿದ್ದರು. ನೂರು ಮೀಟರ್ ದೂರದಲ್ಲಿ ಕಾಗದದ ಗುರಿ ನಿಲ್ಲಿಸಿದ್ದರು. ಮಾಲೀಕರು ಮೂರು ಗುಂಡು ಹೊಡೆದರು. ಒಂದು ಮೇಲಿನ ಮೂಲೆಗೆ, ಒಂದು ಎಡಕ್ಕೆ, ಇನ್ನೊಂದು ಕಾಗದಕ್ಕೇ ತಾಗಲಿಲ್ಲ. ಗೆಳೆಯರು ಅರಬಿಯಲ್ಲಿ ಏನೋ ಹೇಳಿ ನಕ್ಕರು.

"ಯಲ್ಲಾ, ತುಮ್ ಮಾರೋ" ಎಂದು ಮಾಲೀಕರು ರೈಫಲನ್ನು ನನಗೆ ಕೊಟ್ಟರು.

ಮರಳಿನ ಚೀಲದ ಮೇಲೆ ನಳಿಗೆ ಇಟ್ಟು, ಉಸಿರು ಬಿಟ್ಟು, ನಿಧಾನವಾಗಿ ಮೂರು ಗುಂಡು ಹೊಡೆದೆ. ಮೂರೂ ಒಂದೇ ಕಡೆ, ನಿಂಬೆಹಣ್ಣಿನಷ್ಟು ಜಾಗದಲ್ಲಿ, ನಡುವಿಗಿಂತ ಸ್ವಲ್ಪ ಕೆಳಗೆ ಬಿದ್ದಿದ್ದವು. ಫಿಟ್ಟರ್ ಸ್ಕೋಪಿನ ತಿರುಪನ್ನು ಟಿಕ್ ಟಿಕ್ ಎಂದು ತಿರುಗಿಸಿ, "ಈಗ ಒಂದು ಹೊಡೀರಿ ಸಾರ್" ಎಂದರು. ನಾಲ್ಕನೆಯದು ಸರಿಯಾಗಿ ನಡುವಿಗೆ ಬಿತ್ತು. ಅವರ ಮುಖ ಅರಳಿತು. ನನಗೂ ಖುಷಿಯಾಯಿತು.

ಮಾಲೀಕರು ಮತ್ತೆ ರೈಫಲ್ ಹಿಡಿದು ಕೂತರು. ಈ ಸಲ ನಾನು ಗುರಿಯನ್ನು ಬಿಟ್ಟು ಅವರನ್ನೇ ನೋಡಿದೆ. ಟ್ರಿಗರ್ ಎಳೆಯುವ ಮೊದಲೇ ಕಣ್ಣು ಮುಚ್ಚುತ್ತಿದ್ದರು, ಹೆಗಲು ಹಿಂದಕ್ಕೆ ಸರಿಯುತ್ತಿತ್ತು. ಸದ್ದಿಗೆ ಹೆದರಿಕೆ, ಅಷ್ಟೇ. ಹೊಸಬರಿಗೆಲ್ಲ ಆಗುವಂಥದ್ದು. ಗುಂಡುಗಳು ಮತ್ತೆ ದಿಕ್ಕಾಪಾಲಾದವು. ಗೆಳೆಯರ ನಗು ಜೋರಾಯಿತು.

ಮಾಲೀಕರ ಮುಖ ಕೆಂಪಾಗಿತ್ತು. "ಸ್ಕೋಪ್ ಲೂಸ್ ಹೈ" ಎಂದರು. ಫಿಟ್ಟರ್ ತಿರುಪುಗಳನ್ನೆಲ್ಲ ಮುಟ್ಟಿ ನೋಡಿ, ಎಲ್ಲ ಬಿಗಿಯಾಗಿವೆ ಎಂದರು. ಮಾಲೀಕರು ನನ್ನ ಕಡೆ ತಿರುಗಿದರು. "ನೀನು ಹೇಳು. ಲೂಸ್ ಇದೆಯೋ ಇಲ್ಲವೋ?"

ಫಿಟ್ಟರ್ ನಿಶ್ಚಿಂತೆಯಿಂದಲೇ, "ಹೇಳಿ ಸಾರ್, ನೀವೇ ಹೊಡೆದು ನೋಡಿದ್ದೀರಲ್ಲ" ಎಂದರು.

"ಸ್ವಲ್ಪ ಲೂಸ್ ಅನ್ನಿಸ್ತದೆ ಸರ್. ನಂದು ಅದೃಷ್ಟಕ್ಕೆ ಬಿದ್ದದ್ದು" ಎಂದುಬಿಟ್ಟೆ.

ಮಾಲೀಕರು ಅಲ್ಲಿಂದಲೇ ಅಂಗಡಿಗೆ ಫೋನ್ ಮಾಡಿ ಕೂಗಾಡಿದರು. ಫಿಟ್ಟರ್ ಸ್ಪ್ಯಾನರುಗಳನ್ನು ಬಟ್ಟೆಯಲ್ಲಿ ಸುತ್ತಿಟ್ಟುಕೊಂಡರು. ಹಿಂದಿರುಗುವಾಗ ಅವರು ಕಾರಿನ ಹಿಂದಿನ ಸೀಟಿನಲ್ಲಿ ಕೂತರು. ನಾನು ರೇಡಿಯೋ ಹಾಕಿದೆ.

ಮರುವಾರ ನನ್ನ ಕಾಗದಕ್ಕೆ ಸಹಿ ಬಿತ್ತು. ಹೆಂಡತಿ, ಮಗಳು ಬಂದರು. ಆಮೇಲೊಂದು ದಿನ ಯಾವುದೋ ಕೆಲಸಕ್ಕೆ ಆ ಅಂಗಡಿಗೆ ಹೋದಾಗ ಫಿಟ್ಟರ್ ಕಾಣಲಿಲ್ಲ. ಅವರನ್ನು ಊರ ಹೊರಗೆ ಸುಲೈಬಿಯಾದ ಗೋಡೌನಿಗೆ, ಪೆಟ್ಟಿಗೆ ಇಳಿಸುವ ಕೆಲಸಕ್ಕೆ ಹಾಕಿದ್ದಾರೆಂದು ತಿಳಿಯಿತು. ಶುಕ್ರವಾರದ ರಜೆಯಲ್ಲಿ ಅಲ್ಲಿಗೆ ಹೋದೆ. ಅವರು ಕೆಲಸಗಾರರ ಕ್ಯಾಂಪಿನ ಹೊರಗೆ ಬಟ್ಟೆ ಒಣಹಾಕುತ್ತಿದ್ದರು.

"ಫ್ಯಾಮಿಲಿ ಬಂತಾ ಸಾರ್?" ಎಂದು ಅವರೇ ಮೊದಲು ಕೇಳಿದರು.

"ಬಂದ್ರು. ಭಾಯಿ, ಆವತ್ತು ನಾನು..."

"ಅದು ಬಿಡಿ. ಒಂದು ಮಾತ್ರ ಹೇಳಿ. ಲೂಸ್ ಇತ್ತಾ?"

"ಇರ್ಲಿಲ್ಲ."

"ಹಾಗಾದ್ರೆ ನಮ್ಮ ಅಂಗಡಿ ಸೇಠಿಗೆ ಅಷ್ಟು ಹೇಳಿ ಮಾರಾಯ್ರೆ. ನಿಮ್ಮ ಬಾಸಿಗೆ ಹೇಳೋದು ಬೇಡ. ಹದಿನಾಲ್ಕು ವರ್ಷ ಇದೇ ಕೆಲಸ ಮಾಡಿದ್ದೇನೆ. ಕೈ ಸರಿಯಿಲ್ಲ ಅಂತ ಹೇಳಿಸಿಕೊಂಡಿರ್ಲಿಲ್ಲ."

"ಈ ವಾರವೇ ಹೇಳ್ತೇನೆ" ಎಂದೆ.

ಹೇಳಲಿಲ್ಲ. ಮಾತು ಮಾಲೀಕರ ಕಿವಿಗೆ ಬಿದ್ದರೆ ಎಂಬ ಹೆದರಿಕೆ. ಅಷ್ಟರಲ್ಲಿ ಮಗಳಿಗೆ ಶಾಲೆಯಲ್ಲಿ ಸೀಟು ಸಿಕ್ಕಿತ್ತು, ಮನೆಗೆ ಫ್ರಿಜ್ಜು ಬಂದಿತ್ತು. ಒಂದು ವಾರ ಎರಡಾಯಿತು, ಬೇಸಿಗೆಯೂ ಬಂತು. ಕೊನೆಗೆ ಅಂಗಡಿಗೆ ಹೋಗಿ ಸೇಠರೆದುರು ನಿಂತು ನಡೆದದ್ದನ್ನು ಹೇಳಿದೆ. ಅವರು ಅಚ್ಚರಿಪಡಲಿಲ್ಲ. "ಗೊತ್ತಿತ್ತು. ಸ್ಕೋಪನ್ನು ನಾನೇ ಬಿಚ್ಚಿ ನೋಡಿದ್ದೆ. ದೊಡ್ಡ ಗಿರಾಕಿ, ಏನು ಮಾಡೋದು? ಅವನು ಇಕಾಮಾ ಪರ್ಮಿಟ್ ಕ್ಯಾನ್ಸಲ್ ಮಾಡಿಸಿ ಊರಿಗೆ ಹೋದ. ಖಲಾಸ್" ಎಂದರು.

ನಾನು ಕೊನೆಗೂ ಹೋಗಿ ಹೇಳಿದೆನೆಂಬುದು ಫಿಟ್ಟರಿಗೆ ತಿಳಿದಿಲ್ಲ. ಅವರ ಊರು ನನಗೆ ಗೊತ್ತು; ಹೆದ್ದಾರಿಯಿಂದ ಒಳಗೆ ಎರಡು ಮೈಲಿ ಎಂದು ಕಾರಿನಲ್ಲಿ ಹೇಳಿದ್ದರು. ರಜೆಗೆ ಹೋದ ಎರಡು ಸಲವೂ ಆ ದಾರಿಯಲ್ಲೇ ಬಸ್ಸಿನಲ್ಲಿ ಹೋದೆ. ಮೊದಲ ಸಲ ಜೊತೆಗೆ ಹೆಂಡತಿ, ಮಗಳು ಇದ್ದಾರೆಂದು ಇಳಿಯಲಿಲ್ಲ. ಎರಡನೆಯ ಸಲ ಒಬ್ಬನೇ ಇದ್ದೆ. ಕಂಡಕ್ಟರ್ ಆ ಊರಿನ ಹೆಸರು ಕೂಗಿದ. ಮುದುಕಿಯೊಬ್ಬಳು ಇಳಿದಳು. ನಾನು ಕೂತೇ ಇದ್ದೆ.